ಕ್ವೆರಿಯ ಉತ್ತರಕ್ಕೆ ಯಾವ ರೂಪ?

ಡೇಟಾಬೇಸಿಗೆ ಕಳಿಸಿದ ಕ್ವೆರಿಯ ಉತ್ತರ ಪ್ರೋಗ್ರಾಮಿನೊಳಗೆ ಹಲವು ರೂಪಗಳಲ್ಲಿ ಬರಬಹುದು. ಒಂದೇ ಒಂದು ಮೌಲ್ಯವಾಗಿ ಬರಬಹುದು, ಒಂದು ಸಾಲಾಗಿ ಅಥವಾ ಸಾಲುಗಳ ಪಟ್ಟಿಯಾಗಿ ಬರಬಹುದು. ಕಲಂ ಹೆಸರು ಹಿಡಿದು ಹುಡುಕುವ ಡಿಕ್ಷನರಿಯಾಗಿ, ಒಂದು ಕ್ಲಾಸಿನ ಆಬ್ಜೆಕ್ಟಾಗಿ, ಕೇಳಿದಾಗಲೆಲ್ಲ ಮುಂದಿನ ಸಾಲನ್ನು ಕೊಡುವ ಕರ್ಸರ್ ಆಗಿಯೂ ಬರಬಹುದು. ಎಸ್‌ಕ್ಯೂಎಲ್ ವಾಕ್ಯ ಇವುಗಳಲ್ಲಿ ಯಾವುದನ್ನೂ ಗೊತ್ತುಮಾಡುವುದಿಲ್ಲ. ಗೊತ್ತುಮಾಡಬೇಕಾದವರು ಕೋಡ್ ಬರೆಯುವವರು. ಅವರು ಸುಮ್ಮನಿದ್ದರೆ ಡ್ರೈವರ್ ತನ್ನ ಡಿಫಾಲ್ಟ್ ರೂಪದಲ್ಲಿ ಉತ್ತರ ಕೊಡುತ್ತದೆ, ಆ ಡಿಫಾಲ್ಟಿಗೆ ಪ್ರಶ್ನೆ ಏನೆಂಬುದರ ಅರಿವಿರುವುದಿಲ್ಲ. ಹೀಗೆ ತಾನಾಗಿ ಬಂದ ರೂಪವನ್ನು ಹಾಗೆಯೇ ಒಪ್ಪಿಕೊಳ್ಳುವುದರಿಂದ ಸರಿಯಾದ ಕ್ವೆರಿಯೂ ತಪ್ಪು ಉತ್ತರ ಕೊಟ್ಟಂತಾಗುತ್ತದೆ. ಎಷ್ಟು ಸಾಲು ಬರಬಹುದು, ಏನೂ ಬಾರದಿದ್ದರೆ ಅದರ ಅರ್ಥವೇನು, ಯಾವ ಮೌಲ್ಯ ಖಾಲಿ ಇರಬಹುದು ಎಂಬುದನ್ನು ಉತ್ತರದ ರೂಪವೇ ಹೇಳುವಂತಿರಬೇಕು.

ಈ ಮಾತಿನ ತೂಕ ಗೊತ್ತಾಗಲು ಪಹಣಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕರ್ನಾಟಕದ ಕಂದಾಯ ಇಲಾಖೆ ಎನ್‌ಐಸಿಯ ನೆರವಿನಿಂದ ರೂಪಿಸಿದ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಂದಿನಿಂದ ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ರೈತನಿಗೆ ಬೆಳೆಸಾಲ, ಬೆಳೆವಿಮೆ, ಜಮೀನು ಮಾರಾಟ ಎಲ್ಲಕ್ಕೂ ಕಿಟಕಿಯಾಚೆಯ ಪ್ರಿಂಟರಿನಿಂದ ಬರುವ ಆ ಹಾಳೆಯೇ ಆಧಾರ. 9ನೇ ಕಲಂನಲ್ಲಿ ಮಾಲೀಕರ ಹೆಸರು, 11ನೇ ಕಲಂನಲ್ಲಿ ಬ್ಯಾಂಕಿನ ಬೋಜಾ, 12ನೇ ಕಲಂನಲ್ಲಿ ಸಾಗುವಳಿ ಮತ್ತು ಬೆಳೆ. ಮುಂದೆ ಬರುವ ಟೇಬಲ್‌ಗಳು, ಕ್ವೆರಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಭೂಮಿ ತಂತ್ರಾಂಶದ ಒಳಗಿನ ಕೋಡಿನ ಬಗ್ಗೆ ಇಲ್ಲಿ ಏನನ್ನೂ ಹೇಳುತ್ತಿಲ್ಲ. ಆದರೆ ಪಹಣಿಯ ದತ್ತಾಂಶದ ಸ್ವಭಾವ ಮಾತ್ರ ನಿಜವಾದದ್ದು, ತೊಡಕುಗಳು ಹುಟ್ಟುವುದೂ ಆ ಸ್ವಭಾವದಿಂದಲೇ.

ಸಮಸ್ಯೆಯ ಬೇರು ಹಳೆಯದು. ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ರಿಲೇಷನಲ್ ಮಾದರಿಯಲ್ಲಿ ದತ್ತಾಂಶವೆಂದರೆ ಗಣಗಳು. ಕ್ವೆರಿಯ ಉತ್ತರವೂ ಒಂದು ಗಣವೇ. ಗಣದಲ್ಲಿ ಮೊದಲನೆಯದು, ಕೊನೆಯದು ಎಂಬುದಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳ ಲೋಕ ಬೇರೆ. ಅಲ್ಲಿ ಪಟ್ಟಿಗಳಿವೆ, ಆಬ್ಜೆಕ್ಟುಗಳಿವೆ, ಒಂದರ ನಂತರ ಒಂದು ಎಂಬ ಕ್ರಮವಿದೆ. ಇವೆರಡರ ನಡುವೆ ಸೇತುವೆ ಕಟ್ಟಿದವು 1997ರಲ್ಲಿ ಜಾವಾ ಜೊತೆ ಬಂದ ಜೆಡಿಬಿಸಿ, 1999ರ ಪೈಥಾನ್ ಡಿಬಿ-ಎಪಿಐ 2.0, 2005ರಲ್ಲಿ ಪಿಎಚ್‌ಪಿ 5.1ರೊಂದಿಗೆ ಸೇರಿದ ಪಿಡಿಒ ಮುಂತಾದವು. ಜೆಡಿಬಿಸಿ ‘ರಿಸಲ್ಟ್‌ಸೆಟ್’ ಎಂಬ ಕರ್ಸರ್ ಕೊಟ್ಟು ಸಾಲಿನಿಂದ ಸಾಲಿಗೆ ಮುಂದೆ ಹೋಗಲು ಬಿಡುತ್ತದೆ. ಪೈಥಾನ್ ‘ಫೆಚ್‌ಒನ್’, ‘ಫೆಚ್‌ಮೆನಿ’, ‘ಫೆಚ್‌ಆಲ್’ ಎಂಬ ಮೂರು ದಾರಿ ಇಟ್ಟಿದೆ. ಪಿಡಿಒದಲ್ಲಿ ಹತ್ತಕ್ಕೂ ಹೆಚ್ಚು ಫೆಚ್ ವಿಧಾನಗಳಿವೆ. ಆಯ್ಕೆ ಹೆಚ್ಚಿದಷ್ಟೂ ಆಯ್ಕೆ ಮಾಡುವವರ ಹೊಣೆಯೂ ಹೆಚ್ಚುತ್ತದೆ.

ಮೊದಲು ಕೇಳಬೇಕಾದದ್ದು ಎಣಿಕೆಯ ಪ್ರಶ್ನೆ. ಉತ್ತರ ಒಂದೇ ಇರಲೇಬೇಕೆ, ಒಂದು ಇರಬಹುದು ಅಥವಾ ಇಲ್ಲದಿರಬಹುದೆ, ಇಲ್ಲವೇ ಎಷ್ಟಾದರೂ ಇರಬಹುದೆ? ಈ ಮೂರು ಬೇರೆ ಬೇರೆ ಪ್ರಶ್ನೆಗಳು, ಇವಕ್ಕೆ ಮೂರು ಬೇರೆ ರೂಪಗಳೇ ಬೇಕು. ಒಂದು ಗ್ರಾಮದಲ್ಲಿ ಒಟ್ಟು ಎಷ್ಟು ಸರ್ವೆ ನಂಬರುಗಳಿವೆ ಎಂದು ಕೇಳಿದರೆ ಉತ್ತರ ಒಂದೇ ಸಂಖ್ಯೆ. ಅದನ್ನು ಒಂದು ಸಾಲಿನ ಪಟ್ಟಿಯೊಳಗಿನ ಒಂದು ಕಲಂನ ಡಿಕ್ಷನರಿಯಾಗಿ ತಂದು ಬಿಡಿಸುವುದರಲ್ಲಿ ಅರ್ಥವಿಲ್ಲ. ಇಂಥ ಹಿಸ್ಸಾ ಇದೆಯೇ ಎಂದು ಕೇಳಿದರೆ ಉತ್ತರ ಒಂದು ಸಾಲು ಅಥವಾ ಶೂನ್ಯ. ಆ ಹಿಸ್ಸಾದ ಮಾಲೀಕರು ಯಾರು ಎಂದು ಕೇಳಿದರೆ ಉತ್ತರ ಪಟ್ಟಿ.

ಕೊನೆಯ ಪ್ರಶ್ನೆಯಲ್ಲಿಯೇ ಹೆಚ್ಚಿನವರು ಎಡವುವುದು. ಪರೀಕ್ಷೆಗೆಂದು ತೆಗೆದುಕೊಂಡ ನಾಲ್ಕಾರು ಪಹಣಿಗಳಲ್ಲಿ ಒಬ್ಬೊಬ್ಬರೇ ಮಾಲೀಕರಿದ್ದರೆ ಕೋಡ್ ಬರೆಯುವವರು ‘ಫೆಚ್‌ಒನ್’ ಹಾಕುತ್ತಾರೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ತಂದೆಯ ಕಾಲಾನಂತರ ಪೌತಿ ಖಾತೆಯಾದ ಹೊಲದಲ್ಲಿ ನಾಲ್ವರ ಹೆಸರು ಜಂಟಿಯಾಗಿ ಇರುವುದು ಈ ಭಾಗದಲ್ಲಿ ಸಾಮಾನ್ಯ. ‘ಫೆಚ್‌ಒನ್’ ಮೊದಲ ಹೆಸರನ್ನು ಕೊಟ್ಟು ಉಳಿದ ಮೂರನ್ನು ಸದ್ದಿಲ್ಲದೆ ಬಿಡುತ್ತದೆ. ದೋಷದ ಸಂದೇಶ ಬರುವುದಿಲ್ಲ, ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ, ಹೀಗೆ ಬಿಟ್ಟುಹೋಗುವ ಹೆಸರು ತಂಗಿಯದೋ ಅಕ್ಕನದೋ ಆಗಿರಬಹುದು. ಆದ್ದರಿಂದ ‘ಒಂದೇ ಸಾಲು’ ಎಂದು ಭರವಸೆ ಕೊಡುವ ಫಂಕ್ಷನ್ ಎರಡನೇ ಸಾಲು ಇದೆಯೇ ಎಂದು ನೋಡಲೇಬೇಕು, ಇದ್ದರೆ ಎಕ್ಸೆಪ್ಷನ್ ಎತ್ತಬೇಕು. ಜಾವಾದ ಸ್ಪ್ರಿಂಗ್, ಪೈಥಾನಿನ ಎಸ್‌ಕ್ಯೂಎಲ್‌ಆಲ್ಕೆಮಿಯಂಥ ಲೈಬ್ರರಿಗಳಲ್ಲಿ ಈ ಕಟ್ಟುನಿಟ್ಟಿನ ವಿಧಾನ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಬಳಸದೆ ‘ಮೊದಲ ಸಾಲು ಸಾಕು’ ಎನ್ನುವುದು, ಉತ್ತರ ಏನಿರಬೇಕೆಂದು ಮೊದಲೇ ಊಹಿಸಿಕೊಂಡು ಪ್ರಶ್ನೆ ಕೇಳಿದಂತೆ.

ಎರಡನೆಯದು, ಏನೂ ಬಾರದಿರುವುದರ ಅರ್ಥ. ‘ದಾಖಲೆ ಇಲ್ಲ’ ಎಂಬುದು ಒಂದು ಉತ್ತರ. ‘ಉತ್ತರ ಪಡೆಯಲು ಆಗಲಿಲ್ಲ’ ಎಂಬುದು ಉತ್ತರವೇ ಅಲ್ಲ. ಇವೆರಡಕ್ಕೂ ಒಂದೇ ರೂಪ ಕೊಟ್ಟರೆ ಕಿಟಕಿಯಲ್ಲಿ ಕುಳಿತ ನೌಕರನಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇರುವುದಿಲ್ಲ. ಪಿಡಿಒದ ಫೆಚ್ ಸಾಲು ಮುಗಿದಾಗಲೂ ‘ಫಾಲ್ಸ್’ ಕೊಡುತ್ತದೆ, ವಿಫಲವಾದಾಗಲೂ ‘ಫಾಲ್ಸ್’ ಕೊಡುತ್ತದೆ. ಪಿಎಚ್‌ಪಿ 8.0 ಬರುವವರೆಗೆ ದೋಷಗಳ ವಿಷಯದಲ್ಲಿ ಮೌನವಾಗಿರುವುದೇ ಅದರ ಡಿಫಾಲ್ಟ್ ಆಗಿತ್ತು, 8.0ರಿಂದ ಎಕ್ಸೆಪ್ಷನ್ ಎತ್ತುವುದು ಡಿಫಾಲ್ಟ್ ಆಯಿತು. ಈ ಬದಲಾವಣೆ ಸರಿಯಾದ ದಿಕ್ಕಿನದು. ಆದರೂ ‘ಪ್ರೋಗ್ರಾಮ್ ನಿಲ್ಲಬಾರದು’ ಎಂದು ಎಕ್ಸೆಪ್ಷನನ್ನು ಹಿಡಿದು ಅದರ ಬದಲು ಖಾಲಿ ಪಟ್ಟಿ ಹಿಂದಿರುಗಿಸುವ ರೂಢಿ ಇಂದಿಗೂ ಉಳಿದಿದೆ. ಚಿಂಚೋಳಿಯ ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬಸ್ಸು ಹಿಡಿದು ಬಂದ ರೈತನಿಗೆ ‘ನಿಮ್ಮ ಸರ್ವೆ ನಂಬರಿಗೆ ದಾಖಲೆ ಇಲ್ಲ’ ಎಂದು ಹೇಳುವುದಕ್ಕೂ ‘ಸರ್ವರ್ ಸಿಗುತ್ತಿಲ್ಲ, ಸ್ವಲ್ಪ ತಡೆದು ನೋಡೋಣ’ ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಅವನನ್ನು ಭೂದಾಖಲೆ ಕಚೇರಿಗೆ, ವಕೀಲರ ಬಳಿಗೆ ಓಡಿಸುತ್ತದೆ. ಖಾಲಿ ಪಟ್ಟಿಗೆ ‘ಹುಡುಕಿದೆವು, ಇಲ್ಲ’ ಎಂಬ ಒಂದೇ ಅರ್ಥ ಇರಬೇಕು.

ಇಲ್ಲಿಯೇ ಮತ್ತೊಂದು ಸೂಕ್ಷ್ಮವಿದೆ. ಒಂದೇ ಮೌಲ್ಯ ಹಿಂದಿರುಗಿಸುವ ಫಂಕ್ಷನ್ ‘ನಲ್’ ಕೊಟ್ಟರೆ ಅದು ಆ ಸಾಲೇ ಇಲ್ಲ ಎಂದೋ, ಸಾಲಿದ್ದು ಆ ಕಲಂ ಖಾಲಿ ಎಂದೋ ತಿಳಿಯುವುದಿಲ್ಲ. ಜೆಡಿಬಿಸಿಯಲ್ಲಿ ಸಂಖ್ಯೆ ಓದುವ ‘ಗೆಟ್‌ಇಂಟ್’ ನಲ್ ಎದುರಾದಾಗ 0 ಕೊಡುತ್ತದೆ. ನಿಜಕ್ಕೂ ಸೊನ್ನೆಯೇ ಅಥವಾ ಖಾಲಿಯೇ ಎಂದು ತಿಳಿಯಲು ‘ವಾಸ್‌ನಲ್’ ಎಂದು ಮತ್ತೆ ಕೇಳಬೇಕು. ಬೋಜಾದ ಮೊತ್ತ ಇನ್ನೂ ನಮೂದಾಗದ ಸಾಲನ್ನು ಹೀಗೆ ಓದಿದರೆ ಪರದೆಯ ಮೇಲೆ 0 ಮೂಡುತ್ತದೆ. ಅದನ್ನು ನೋಡುವವರು ‘ಈ ಜಮೀನಿನ ಮೇಲೆ ಬೋಜಾ ಇಲ್ಲ’ ಎಂದು ತಿಳಿಯುತ್ತಾರೆ. ಡೇಟಾಬೇಸ್ ಹಾಗೆ ಹೇಳಿಯೇ ಇಲ್ಲ.

ಖಾಲಿ ಕಲಂಗೆ ಒಂದೇ ಅರ್ಥವಿರುವುದಿಲ್ಲ ಎಂಬುದಕ್ಕೆ ಶಹಾಬಾದಿನ ನೆಲವೇ ಸಾಕ್ಷಿ. ಶಹಾಬಾದ ಕಲ್ಲಿಗೆ ಹೆಸರಾದ, ವಾಡಿ-ಸೇಡಂ ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣದಕಲ್ಲು ಒದಗಿಸುವ ಈ ಪ್ರದೇಶದಲ್ಲಿ ಗಣಿಯ ಪಕ್ಕದಲ್ಲೇ ತೊಗರಿ ಹೊಲವಿದೆ. ಬೆಳೆಯ ಕಲಂ ಖಾಲಿ ಇದ್ದರೆ ಅದು ಕಲ್ಲಿನ ಗಣಿಯಾಗಿ ಬೆಳೆಯ ಪ್ರಶ್ನೆಯೇ ಇಲ್ಲದ ಜಾಗ ಇರಬಹುದು, ಈ ಹಂಗಾಮಿನಲ್ಲಿ ಬಿತ್ತದೆ ಬೀಳುಬಿಟ್ಟ ಹೊಲ ಇರಬಹುದು, ಬೆಳೆ ಸಮೀಕ್ಷೆ ಇನ್ನೂ ಮುಗಿಯದ ಹೊಲವೂ ಇರಬಹುದು. ವಿಮೆಯ ದೃಷ್ಟಿಯಿಂದ ಮೂರೂ ಬೇರೆ ಬೇರೆ. ಈ ಭೇದವನ್ನು ಡೇಟಾಬೇಸಿನಲ್ಲಿಯೇ ದಾಖಲಿಸಿರಬೇಕು. ದಾಖಲಿಸಿದ ಮೇಲೆ ಉತ್ತರದ ರೂಪ ಅದನ್ನು ಅಳಿಸದೆ ತಲುಪಿಸಬೇಕು. ಖಾಲಿ ಜಾಗಕ್ಕೆಲ್ಲ ಖಾಲಿ ಸ್ಟ್ರಿಂಗ್ ತುಂಬಿ ಕೊಡುವ ಫಂಕ್ಷನ್ ನೋಟಕ್ಕೆ ಅಚ್ಚುಕಟ್ಟು, ಮಾಹಿತಿಗೆ ನಷ್ಟ.

ಮೂರನೆಯದು, ಮೌಲ್ಯವನ್ನು ಯಾವುದರಿಂದ ಹುಡುಕಬೇಕು ಎಂಬ ಪ್ರಶ್ನೆ: ಸ್ಥಾನದಿಂದಲೇ, ಹೆಸರಿನಿಂದಲೇ? ಸ್ಥಾನ ಹಿಡಿದು ಓದುವುದು ವೇಗ, ಮೆಮೊರಿಯೂ ಕಡಿಮೆ ಸಾಕು. ಆದರೆ ಕ್ವೆರಿಯಲ್ಲಿ ಎಲ್ಲ ಕಲಂಗಳನ್ನೂ ನಕ್ಷತ್ರ ಚಿಹ್ನೆಯಿಂದ ಕೇಳಿ, ಉತ್ತರವನ್ನು ಸ್ಥಾನದಿಂದ ಓದುವ ಜೋಡಣೆ ಅಪಾಯಕಾರಿ. ನಾಳೆ ಯಾರೋ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ‘ಸರ್ನಾಕ್’ ಎಂಬ ಕಲಂ ಸೇರಿಸಿದರೆ ಮುಂದಿನದೆಲ್ಲ ಒಂದು ಮನೆ ಸರಿಯುತ್ತದೆ. ಸರ್ನಾಕ್, ಹಿಸ್ಸಾ ಎರಡೂ ಪಠ್ಯವೇ ಆದ್ದರಿಂದ ಭಾಷೆ ದೂರುವುದೂ ಇಲ್ಲ. ಬೇಕಾದ ಕಲಂಗಳನ್ನು ಹೆಸರಿಸಿಯೇ ಕೇಳಿದರೆ ಮಾತ್ರ ಸ್ಥಾನದಿಂದ ಓದುವುದು ಸುರಕ್ಷಿತ.

ಹೆಸರಿನಿಂದ ಓದುವುದಕ್ಕೂ ಅದರದೇ ಗುಂಡಿಗಳಿವೆ. ಮಾಲೀಕರ ಟೇಬಲ್ಲಿನಲ್ಲಿ ‘ಹೆಸರು’ ಎಂಬ ಕಲಂ ಇದೆ, ಗ್ರಾಮಗಳ ಟೇಬಲ್ಲಿನಲ್ಲೂ ‘ಹೆಸರು’ ಎಂಬ ಕಲಂ ಇದೆ ಎಂದುಕೊಳ್ಳೋಣ. ಎರಡನ್ನೂ ಜಾಯಿನ್ ಮಾಡಿ ಡಿಕ್ಷನರಿಯಾಗಿ ಪಡೆದರೆ ಒಂದೇ ಕೀಲಿಗೆ ಒಂದೇ ಮೌಲ್ಯ ಉಳಿಯುತ್ತದೆ. ಸಾಮಾನ್ಯವಾಗಿ ಕೊನೆಗೆ ಬಂದದ್ದು ಮೊದಲಿನದನ್ನು ಅಳಿಸುತ್ತದೆ. ಆಗ ಮಾಲೀಕರ ಜಾಗದಲ್ಲಿ ಊರಿನ ಹೆಸರು ಬರುತ್ತದೆ. ‘ಮಾಲೀಕರ_ಹೆಸರು’, ‘ಗ್ರಾಮದ_ಹೆಸರು’ ಎಂದು ಕ್ವೆರಿಯಲ್ಲಿಯೇ ಅಡ್ಡಹೆಸರು ಕೊಡುವುದು ಇದಕ್ಕೆ ಮದ್ದು. ಪಿಡಿಒದ ಡಿಫಾಲ್ಟ್ ಪ್ರತಿ ಮೌಲ್ಯವನ್ನೂ ಹೆಸರಿನಿಂದಲೂ ಸ್ಥಾನದಿಂದಲೂ ಎರಡು ಬಾರಿ ಕೊಡುತ್ತದೆ. ಇದನ್ನು ಹಾಗೇ ಜೆಸಾನ್ ಮಾಡಿ ಬ್ರೌಸರಿಗೆ ಕಳಿಸಿದರೆ ಪ್ರತಿ ಮಾಹಿತಿಯೂ ಎರಡೆರಡು ಸಲ ಹೋಗುತ್ತದೆ.

ಎರಡು ಕಲಂಗಳ ಉತ್ತರವನ್ನು ಕೀಲಿ-ಮೌಲ್ಯ ಜೋಡಿಯಾಗಿ ಪಡೆಯುವ ವಿಧಾನವೂ ಇದೆ. ಗ್ರಾಮದ ಕೋಡಿನಿಂದ ಗ್ರಾಮದ ಹೆಸರು ಹುಡುಕಲು ಇದು ಹೇಳಿ ಮಾಡಿಸಿದ್ದು, ಏಕೆಂದರೆ ಕೋಡ್ ಪುನರಾವರ್ತನೆ ಆಗುವುದಿಲ್ಲ. ಅದೇ ವಿಧಾನದಲ್ಲಿ ಹಿಸ್ಸಾದಿಂದ ಮಾಲೀಕರನ್ನು ಹುಡುಕಲು ಹೊರಟರೆ ಜಂಟಿ ಖಾತೆಯ ಕೊನೆಯ ಹೆಸರು ಮಾತ್ರ ಉಳಿಯುತ್ತದೆ. ಅಲ್ಲಿ ಬೇಕಾದದ್ದು ಗುಂಪು ಮಾಡುವ ರೂಪ, ಅಂದರೆ ಪ್ರತಿ ಹಿಸ್ಸಾಕ್ಕೂ ಒಂದು ಹೆಸರುಗಳ ಪಟ್ಟಿ. ಕೀಲಿಯಾಗುವ ಕಲಂ ಡೇಟಾಬೇಸಿನಲ್ಲಿ ಯುನೀಕ್ ಎಂದು ಕಟ್ಟುಪಾಡಾಗಿರುವಾಗ ಮಾತ್ರ ಜೋಡಿಯ ರೂಪ ಸಲ್ಲುತ್ತದೆ.

ಕೀಲಿಯಾಗಿ ಊರಿನ ಅಥವಾ ತಾಲ್ಲೂಕಿನ ಹೆಸರನ್ನು ಹಿಡಿಯುವುದೂ ತಪ್ಪು. ಶಹಾಬಾದ ಹಿಂದೆ ಚಿತ್ತಾಪುರ ತಾಲ್ಲೂಕಿನ ಭಾಗವಾಗಿತ್ತು. 2018ರಲ್ಲಿ ಶಹಾಬಾದ, ಕಾಳಗಿ ಸ್ವತಂತ್ರ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದವು. 2014ರಲ್ಲಿ ಗುಲಬರ್ಗಾ ಕಲಬುರಗಿ ಆಯಿತು. ಒಂದೇ ಊರನ್ನು ಶಹಾಬಾದ, ಶಹಾಬಾದ್, ಶಹಬಾದ ಎಂದು ಬರೆಯುವವರಿದ್ದಾರೆ. ಹೆಸರನ್ನು ಕೀಲಿಯಾಗಿಸಿ ಹಿಂದಿರುಗಿಸಿದ ಉತ್ತರ ಇವನ್ನೆಲ್ಲ ಬೇರೆ ಬೇರೆ ಊರುಗಳೆಂದು ಎಣಿಸುತ್ತದೆ. ಕೇಂದ್ರ ಸರ್ಕಾರದ ಎಲ್‌ಜಿಡಿ ಕೋಡಿನಂಥ ಸ್ಥಿರ ಗುರುತನ್ನು ಕೀಲಿಯಾಗಿಟ್ಟು, ಹೆಸರನ್ನು ತೋರಿಸುವುದಕ್ಕೆ ಮಾತ್ರ ಬಳಸುವುದು ವಿವೇಕ.

ನಾಲ್ಕನೆಯದು ಮೌಲ್ಯದ ಬಗೆ. ಇಲ್ಲಿ ಪಹಣಿಯ ಕ್ಷೇತ್ರ ಒಳ್ಳೆಯ ಪಾಠ. ಒಂದು ಎಕರೆಗೆ 40 ಗುಂಟೆ. 1 ಎಕರೆ 20 ಗುಂಟೆಯನ್ನು ರೂಢಿಯಲ್ಲಿ 1.20 ಎಂದು ಬರೆಯುತ್ತಾರೆ, ಅಂದರೆ ಒಂದೂವರೆ ಎಕರೆ. ಡ್ರೈವರ್ ಇದನ್ನು ದಶಮಾಂಶ ಸಂಖ್ಯೆಯಾಗಿ ಕೊಟ್ಟರೆ 1.2 ಆಗುತ್ತದೆ, ಅದು 2 ಗುಂಟೆಯೋ 20 ಗುಂಟೆಯೋ ಎಂಬ ಸುಳಿವೇ ಹೋಯಿತು. 1.20 ಮತ್ತು 1.30 ಕೂಡಿಸಿದರೆ ಯಂತ್ರ 2.50 ಎನ್ನುತ್ತದೆ. ನಿಜದಲ್ಲಿ 60 ಗುಂಟೆಗೆ 70 ಗುಂಟೆ ಸೇರಿ 130 ಗುಂಟೆ, ಅಂದರೆ 3 ಎಕರೆ 10 ಗುಂಟೆ. ಕ್ಷೇತ್ರವನ್ನು ಡೇಟಾಬೇಸಿನಲ್ಲಿ ಚಿಕ್ಕ ಮಾಪನದ ಪೂರ್ಣಾಂಕವಾಗಿ ಇಟ್ಟು, ಕೋಡಿಗೆ ‘ಕ್ಷೇತ್ರ’ ಎಂಬ ಪುಟ್ಟ ಆಬ್ಜೆಕ್ಟಾಗಿ ಹಿಂದಿರುಗಿಸಿದರೆ ಕೂಡುವ, ಹಂಚುವ, ಎಕರೆ-ಗುಂಟೆಯಾಗಿ ಬರೆಯುವ ನಿಯಮವೆಲ್ಲ ಒಂದೇ ಕಡೆ ಇರುತ್ತದೆ. ಡ್ರೈವರುಗಳು ಕೊಡುವ ಬಗೆಯೂ ಕಾಲಕಾಲಕ್ಕೆ ಬದಲಾಗುತ್ತದೆ: ಮೈಎಸ್‌ಕ್ಯೂಎಲ್ ಜೊತೆ ಪಿಡಿಒದ ಎಮ್ಯುಲೇಟೆಡ್ ಪ್ರಿಪೇರ್ ಬಳಸಿದಾಗ ಪಿಎಚ್‌ಪಿ 8.1ಕ್ಕೆ ಮೊದಲು ಪೂರ್ಣಾಂಕಗಳೂ ಸ್ಟ್ರಿಂಗಾಗಿಯೇ ಬರುತ್ತಿದ್ದವು, 8.1ರಿಂದ ಪೂರ್ಣಾಂಕವಾಗಿಯೇ ಬರುತ್ತವೆ. ಡ್ರೈವರ್ ಕೊಟ್ಟದ್ದನ್ನು ಹಾಗೇ ಮುಂದೆ ಸಾಗಿಸುವ ಕೋಡ್ ಇಂಥ ಪ್ರತಿ ಬದಲಾವಣೆಗೂ ತೆರೆದುಕೊಂಡಿರುತ್ತದೆ.

ಹಾಗಾದರೆ ಎಲ್ಲ ಉತ್ತರವೂ ಆಬ್ಜೆಕ್ಟೇ ಆಗಬೇಕೆ? ಆ ಮಾತನ್ನು ಒಪ್ಪಲಾಗದು. ನಿಯಮಗಳಿರುವ, ಹಲವು ಕಡೆ ಬಳಕೆಯಾಗುವ ವಸ್ತುವಿಗೆ ಆಬ್ಜೆಕ್ಟ್ ಸರಿ: ಪಹಣಿ, ಕ್ಷೇತ್ರ, ಬೋಜಾ. ಕಲಂ ಹೆಸರು ತಪ್ಪಾಗಿ ಬರೆದರೆ ಎಡಿಟರ್ ಅಲ್ಲಿಯೇ ಎಚ್ಚರಿಸುತ್ತದೆ. ಡಿಕ್ಷನರಿಯಲ್ಲಿ ಅದೇ ತಪ್ಪು ಪ್ರೋಗ್ರಾಮ್ ಓಡುವಾಗ ಗೊತ್ತಾಗುತ್ತದೆ. ಅಧಿಕಾರಿಯೊಬ್ಬರು ಕೇಳಿದ ಒಂದು ಸಲದ ವರದಿಗೆ, ಕಲಂಗಳು ಮೊದಲೇ ಗೊತ್ತಿಲ್ಲದ ಹುಡುಕಾಟಕ್ಕೆ ಡಿಕ್ಷನರಿಯೇ ಅನುಕೂಲ. ಲಕ್ಷಗಟ್ಟಲೆ ಸಾಲುಗಳನ್ನು ಕಡತಕ್ಕೆ ಬರೆಯುವಾಗ ಸರಳ ಟಪಲ್ ಸಾಕು, ಆಬ್ಜೆಕ್ಟ್ ಕಟ್ಟುವ ಖರ್ಚು ವ್ಯರ್ಥ. ಆಬ್ಜೆಕ್ಟ್ ಆರಿಸಿಕೊಂಡಾಗಲೂ ಅದು ಹೇಗೆ ತುಂಬಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕು. ಪಿಡಿಒದ ಕ್ಲಾಸ್ ವಿಧಾನ ಡಿಫಾಲ್ಟಾಗಿ ಮೊದಲು ಮೌಲ್ಯಗಳನ್ನು ತುಂಬಿ, ಆಮೇಲೆ ಕನ್‌ಸ್ಟ್ರಕ್ಟರ್ ಕರೆಯುತ್ತದೆ. ಕನ್‌ಸ್ಟ್ರಕ್ಟರಿನಲ್ಲಿ ಆರಂಭಿಕ ಮೌಲ್ಯ ಕೊಡುವ ಕ್ಲಾಸ್ ಆಗಿದ್ದರೆ ಡೇಟಾಬೇಸಿನಿಂದ ಬಂದದ್ದೇ ಅಳಿಸಿಹೋಗುತ್ತದೆ. ಇನ್ನು ಸಾಲುಗಳನ್ನು ತಾವೇ ಆಬ್ಜೆಕ್ಟುಗಳಾಗಿಸುವ ಒಆರ್‌ಎಂ ಲೈಬ್ರರಿಗಳಲ್ಲಿ, 100 ಹಿಸ್ಸಾಗಳ ಪಟ್ಟಿ ತಂದು ಪ್ರತಿಯೊಂದರ ಬೋಜಾವನ್ನು ಮುಟ್ಟಿದಾಗ ಒಂದೊಂದು ಕ್ವೆರಿ ಓಡಿ ಒಟ್ಟು 101 ಆಗಬಹುದು. ನೆಟ್‌ವರ್ಕ್ ನಿಧಾನವಿರುವ ನಾಡಕಚೇರಿಯಲ್ಲಿ ಈ ವ್ಯತ್ಯಾಸ ಸಾಲಿನಲ್ಲಿ ನಿಂತವರ ಕಾಲಿಗೆ ತಿಳಿಯುತ್ತದೆ. ಬೇಕೆಂದು ಗೊತ್ತಿರುವ ಸಂಬಂಧಗಳನ್ನು ಮೊದಲ ಕ್ವೆರಿಯಲ್ಲಿಯೇ ತರಿಸಿಕೊಳ್ಳುವುದು ಇದಕ್ಕೆ ಉಪಾಯ.

ಐದನೆಯದು ಗಾತ್ರ. ಒಂದು ಹಿಸ್ಸಾದ ಮಾಲೀಕರು ಹತ್ತಿಪ್ಪತ್ತು ಮಂದಿ; ಅವರನ್ನು ಪೂರ್ಣ ಪಟ್ಟಿಯಾಗಿ ಹಿಂದಿರುಗಿಸುವುದೇ ಒಳ್ಳೆಯದು. ಕನೆಕ್ಷನ್ ಬೇಗ ಬಿಡುಗಡೆಯಾಗುತ್ತದೆ, ಪಟ್ಟಿಯ ಮೇಲೆ ಎಷ್ಟು ಸಲವಾದರೂ ಹೋಗಿಬರಬಹುದು. ಜಿಲ್ಲೆಯ ಎಲ್ಲ ಹಿಸ್ಸಾಗಳ ಬೆಳೆ ವಿವರ ಬೇಕೆಂದರೆ ಲೆಕ್ಕವೇ ಬೇರೆ. ಸಾಲಿಗೆ 500 ಬೈಟ್ ಎಂದಿಟ್ಟುಕೊಂಡರೂ 10 ಲಕ್ಷ ಸಾಲುಗಳಿಗೆ ಸುಮಾರು 500 ಎಂಬಿ. ಭಾಷೆಯ ಆಬ್ಜೆಕ್ಟುಗಳಾಗುವಾಗ ಇದು ಹಲವು ಪಟ್ಟು ಬೆಳೆಯುತ್ತದೆ. ಇಲ್ಲಿ ಕರ್ಸರ್ ಹಿಡಿದು ಸಾಲುಗಳನ್ನು ಹರಿಯಬಿಡಬೇಕು. ಆದರೆ ಕೋಡಿನಲ್ಲಿ ಒಂದೊಂದೇ ಸಾಲು ಓದಿದ ಮಾತ್ರಕ್ಕೆ ಉತ್ತರ ಹರಿಯುತ್ತಿದೆ ಎಂದಲ್ಲ. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್, ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್, ಪೈಥಾನಿನ ಸೈಕೋಪಿಜಿ ಇವೆಲ್ಲ ಡಿಫಾಲ್ಟಾಗಿ ಪೂರ್ತಿ ಉತ್ತರವನ್ನು ಮೊದಲೇ ತಂದು ಮೆಮೊರಿಯಲ್ಲಿಟ್ಟು, ಆಮೇಲೆ ಒಂದೊಂದಾಗಿ ಕೊಡುತ್ತವೆ. ನಿಜವಾಗಿ ಹರಿಸಬೇಕಾದರೆ ಫೆಚ್ ಗಾತ್ರ ಹೇಳಬೇಕು, ಸೈಕೋಪಿಜಿಯಲ್ಲಿ ಹೆಸರಿಟ್ಟ ಕರ್ಸರ್ ತೆರೆಯಬೇಕು, ಪೋಸ್ಟ್‌ಗ್ರೆಸ್‌ನ ಜಾವಾದಲ್ಲಿ ಆಟೋಕಮಿಟ್ ಆಫ್ ಮಾಡಬೇಕು.

ಹರಿಯುವ ಉತ್ತರಕ್ಕೂ ಬೆಲೆಯಿದೆ. ಓದಿ ಮುಗಿಯುವವರೆಗೆ ಕನೆಕ್ಷನ್ ಹಿಡಿದಿಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಅದೇ ಕನೆಕ್ಷನ್ ಮೇಲೆ ಅಷ್ಟರಲ್ಲಿ ಬೇರೆ ಕ್ವೆರಿ ಓಡಿಸಲಾಗದು. ಮೂರು ಲಕ್ಷನೇ ಸಾಲಿನ ಬಳಿ ಸಂಪರ್ಕ ಕಡಿದರೆ ಅರ್ಧ ಬರೆದ ಕಡತ ಕೈಯಲ್ಲಿ ಉಳಿಯುತ್ತದೆ, ಅದು ಅರ್ಧವೆಂದು ಕಡತವೇ ಹೇಳುವುದಿಲ್ಲ. ಹಾಗಾಗಿ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಮಾತ್ರ ನಿಜ ಹೆಸರು ಕೊಡುವ ಶಿಸ್ತು ಬೇಕು.

ಪರದೆಯ ಮೇಲೆ ತೋರಿಸುವ ಪಟ್ಟಿಗೆ ಪುಟಗಳೇ ಸೂಕ್ತ. ‘ಮೊದಲ 500 ಬಿಟ್ಟು ಮುಂದಿನ 50 ಕೊಡು’ ಎಂಬ ಆಫ್‌ಸೆಟ್ ವಿಧಾನ ಸುಲಭ. ಆದರೆ ಬಿಡಬೇಕಾದ ಸಾಲುಗಳನ್ನೂ ಡೇಟಾಬೇಸ್ ಓದಿಯೇ ಬಿಡಬೇಕು. ನಡುವೆ ಹೊಸ ಹಿಸ್ಸಾ ಸೇರಿದರೆ ಒಂದು ಸಾಲು ಎರಡು ಪುಟಗಳಲ್ಲಿ ಕಾಣುತ್ತದೆ, ಒಂದು ಹಿಸ್ಸಾ ತೆಗೆದುಹೋದರೆ ಇನ್ನೊಂದು ಯಾವ ಪುಟದಲ್ಲೂ ಕಾಣುವುದಿಲ್ಲ. ‘ಕೊನೆಗೆ ಕಂಡ ಸರ್ವೆ ನಂಬರ್, ಹಿಸ್ಸಾದ ಮುಂದಿನ 50 ಕೊಡು’ ಎಂದು ಕೇಳುವ ವಿಧಾನದಲ್ಲಿ ಈ ಎರಡೂ ತೊಂದರೆ ಇಲ್ಲ. ಅದಕ್ಕೆ ಖಚಿತವಾದ ಕ್ರಮ ಬೇಕು. ಆರ್ಡರ್ ಬೈ ಇಲ್ಲದ ಕ್ವೆರಿಗೆ ಯಾವ ಕ್ರಮದ ಭರವಸೆಯೂ ಇಲ್ಲ. ಇಂದು ಬಂದ ಕ್ರಮ ನಾಳೆ ಬರಬೇಕೆಂದಿಲ್ಲ. ಕ್ರಮ ಹೇಳುವಾಗಲೂ ಸರ್ವೆ ನಂಬರನ್ನು ಪಠ್ಯವಾಗಿಟ್ಟಿದ್ದರೆ 2ಕ್ಕಿಂತ ಮೊದಲು 10 ಬರುತ್ತದೆ. ಅದನ್ನು ಪೂರ್ಣಾಂಕವಾಗಿಟ್ಟು, ಅಕ್ಷರಗಳು ಬೆರೆಯುವ ಹಿಸ್ಸಾವನ್ನು ಬೇರೆ ಕಲಂ ಆಗಿ ಇಡಬೇಕು.

‘ಎಲ್ಲವನ್ನೂ ಪಟ್ಟಿಯಾಗಿ ಕೊಟ್ಟುಬಿಡಿ, ಬಳಸುವವರು ನೋಡಿಕೊಳ್ಳಲಿ’ ಎಂಬ ವಾದವೊಂದಿದೆ. ಒಂದೇ ರೂಪವಿದ್ದರೆ ಕಲಿಯುವುದು ಸುಲಭ ಎಂಬುದು ಅದರ ಬಲ. ಆದರೆ ಉತ್ತರದ ಅರ್ಥ ಬಲ್ಲವರು ಕ್ವೆರಿ ಬರೆದವರು. ಅವರು ಅದನ್ನು ರೂಪದಲ್ಲಿ ದಾಖಲಿಸದೆ ಬಿಟ್ಟರೆ, ಕರೆಯುವ ಹತ್ತು ಜಾಗಗಳಲ್ಲಿ ಹತ್ತು ಮಂದಿ ಊಹಿಸಬೇಕಾಗುತ್ತದೆ, ಅವರಲ್ಲಿ ಒಬ್ಬರಾದರೂ ತಪ್ಪು ಊಹಿಸುತ್ತಾರೆ. ಆದ್ದರಿಂದ ಈ ನಿರ್ಧಾರ ಡೇಟಾಬೇಸಿನೊಡನೆ ಮಾತಾಡುವ ಒಂದೇ ಪದರದಲ್ಲಿ ಇರಬೇಕು. ಅಲ್ಲಿನ ಫಂಕ್ಷನ್‌ಗಳ ಹೆಸರೇ ಎಣಿಕೆಯನ್ನು ಹೇಳಬೇಕು: ‘ಪಹಣಿ ಹುಡುಕು’ ಎಂದರೆ ಸಿಗಬಹುದು ಅಥವಾ ಸಿಗದಿರಬಹುದು, ‘ಪಹಣಿ ತೆಗೆ’ ಎಂದರೆ ಸಿಗಲೇಬೇಕು, ಸಿಗದಿದ್ದರೆ ಎಕ್ಸೆಪ್ಷನ್, ‘ಮಾಲೀಕರ ಪಟ್ಟಿ’ ಎಂದರೆ ಯಾವಾಗಲೂ ಪಟ್ಟಿ, ಮಾಲೀಕರು ಒಬ್ಬರೇ ಇದ್ದರೂ.

ಆರಿಸಿದ ರೂಪ ಸರಿಯೇ ಎಂದು ಒರೆಹಚ್ಚುವುದು ಕಷ್ಟವಲ್ಲ. ಪ್ರತಿ ಫಂಕ್ಷನಿಗೂ ಐದು ಸನ್ನಿವೇಶ ಕೊಟ್ಟು ನೋಡಬೇಕು: ಒಂದೂ ಸಾಲಿಲ್ಲದ ಉತ್ತರ, ಒಂದರ ಜಾಗದಲ್ಲಿ ಎರಡು ಸಾಲಿನ ಉತ್ತರ, ನಲ್ ಇರುವ ಸಾಲು, ಒಂದೇ ಹೆಸರಿನ ಎರಡು ಕಲಂ, ಮಧ್ಯದಲ್ಲಿ ಕಡಿದ ಸಂಪರ್ಕ. ಈ ಐದರಲ್ಲೂ ಫಂಕ್ಷನ್ ನಿಜವನ್ನೇ ಹೇಳಿದರೆ, ಇಲ್ಲವೇ ಹೇಳಲಾಗದು ಎಂದು ಸ್ಪಷ್ಟವಾಗಿ ನಿಂತರೆ ರೂಪ ಸರಿಯಿದೆ. ಐದರಲ್ಲಿ ಒಂದರಲ್ಲಾದರೂ ಅದು ಸುಳ್ಳನ್ನು ನಿಜದಂತೆ ತೋರಿಸಿದರೆ ತಿದ್ದಬೇಕಾದದ್ದು ಹಿಂದಿರುಗಿಸುವ ರೂಪವನ್ನು. ಅದನ್ನು ಬಿಟ್ಟು ಪರದೆಯ ಮೇಲಿನ ಸಂದೇಶವನ್ನು ತಿದ್ದುವುದರಿಂದ ದಾಖಲೆ ಸರಿಯಾಗುವುದಿಲ್ಲ.